ವಾರಕ್ಕೆ ಒಂದೇ ಚಿತ್ರ

2020ರಲ್ಲಿ ಲಾಕ್‌ಡೌನ್ ಸಡಿಲವಾದರೂ ಶಾಲೆಗಳು ಮುಚ್ಚಿಯೇ ಇದ್ದವಲ್ಲ, ಆಗಿನ ಮಾತು. ನಾನು ತಿಪಟೂರು ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಗಣಿತ, ವಿಜ್ಞಾನದವರಿಗೆ ಪಾಠ ಮುಗಿಸುವ ಚಿಂತೆ. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಹಾಗಾಗಿ ಮನಸ್ಸಿಗೆ ತೋಚಿದ್ದನ್ನು ಮಾಡಿ ನೋಡಲು ಬಿಡುವಿತ್ತು.

ಮೊದಲು ಮಾಡಿದ್ದು ಪೆದ್ದು ಕೆಲಸ. ಹೊರದೇಶದ ಮ್ಯೂಸಿಯಂ ಒಂದರ ವರ್ಚುವಲ್ ಟೂರ್ ಲಿಂಕನ್ನು ಒಂಬತ್ತನೇ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆ ಒಬ್ಬ ಹುಡುಗನ ಅಪ್ಪ ಫೋನ್ ಮಾಡಿದರು: "ಏನ್ ಕಳಿಸಿದ್ರಿ ಮೇಷ್ಟ್ರೇ, ಇವತ್ತಿನ ನೆಟ್ಟೆಲ್ಲ ಖಾಲಿ!" ಹುಡುಗನನ್ನು ಕೇಳಿದರೆ, ಬಾಣದ ಗುರುತು ಒತ್ತಿಕೊಂಡು ಹಾಲ್‌ನಿಂದ ಹಾಲ್‌ಗೆ ಸುತ್ತಿದೆ ಸಾ, ಆಚೆ ಬರೋ ಬಾಗಿಲೇ ಸಿಗಲಿಲ್ಲ ಅಂದ. ಒಂದು ಚಿತ್ರವನ್ನೂ ನಿಂತು ನೋಡಿರಲಿಲ್ಲ.

ಟೂರ್ ಅಲ್ಲಿಗೇ ಬಿಟ್ಟೆ. ಇಳಿಸಿಕೊಳ್ಳುವುದು ನನ್ನ ಕೆಲಸ, ನೋಡುವುದಷ್ಟೇ ಮಕ್ಕಳದ್ದು ಅಂತ ಮಾಡಿಕೊಂಡೆ.

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ, ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳ ಲಕ್ಷಗಟ್ಟಲೆ ಫೋಟೊಗಳನ್ನು 2017ರಿಂದ ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿದೆ. ಹುಡುಕುವಾಗ ‘ಓಪನ್ ಆಕ್ಸೆಸ್’ ಎಂಬುದಕ್ಕೆ ಟಿಕ್ ಹಾಕಿದರೆ ಅವಷ್ಟೇ ಬರುತ್ತವೆ. ದುಡ್ಡು ಕೊಡಬೇಕಿಲ್ಲ, ಅನುಮತಿ ಬೇಡಬೇಕಿಲ್ಲ. ಅಲ್ಲಿ ನನಗೆ ಸಿಕ್ಕಿದ್ದು ಯೂರೋಪಿನ ಚಿತ್ರಕಾರ ಪೀಟರ್ ಬ್ರೂಗೆಲ್ 1565ರಲ್ಲಿ ಬರೆದ ಕೊಯ್ಲಿನ ಚಿತ್ರ. ವರ್ಷದ ಬೇರೆ ಬೇರೆ ಕಾಲಗಳನ್ನು ತೋರಿಸುವ ಆರು ಚಿತ್ರಗಳ ಸಾಲಿನಲ್ಲಿ ಇದೂ ಒಂದು. ಈಗ ಐದೇ ಉಳಿದಿವೆಯಂತೆ.

ಇಡೀ ಚಿತ್ರ ಕಳಿಸಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅದನ್ನು ಆರು ತುಂಡು ಮಾಡಿ, ಒಂದೊಂದನ್ನೂ 200 ಕೆಬಿ ಒಳಗೆ ಇಳಿಸಿ, ದಿನಕ್ಕೊಂದರಂತೆ ಕಳಿಸಿದೆ. ಜೊತೆಗೆ ಒಂದು ನಿಮಿಷದ ವಾಯ್ಸ್ ಮೆಸೇಜು, ಒಂದೇ ಒಂದು ಪ್ರಶ್ನೆ. ಮ್ಯೂಸಿಯಂನ ವಿವರಣೆ ಇಂಗ್ಲಿಷಿನದು, ಹಾಗಾಗಿ ಮೊದಲು ನಾನು ಓದಿಕೊಂಡು ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ‘ಹೊತ್ತು ಎಷ್ಟಾಗಿರಬಹುದು?’ ‘ಮರದ ಕೆಳಗೆ ಏನು ಉಣ್ಣುತ್ತಿದ್ದಾರೆ?’ ಇಂಥ ಪ್ರಶ್ನೆಗಳು. ಅಪ್ಪನ ಜೇಬಿನಲ್ಲಿ ಫೋನು ಮನೆಗೆ ಬರುವುದೇ ಸಂಜೆ, ಹಾಗಾಗಿ ಉತ್ತರಗಳೆಲ್ಲ ರಾತ್ರಿ ಎಂಟರ ಮೇಲೆ.

ನಮ್ಮಲ್ಲಿ ರಾಗಿ ಕೊಯ್ಯುವುದು ಕುಡುಗೋಲಿನಲ್ಲಿ, ಸೊಂಟ ಬಗ್ಗಿಸಿ. ಬ್ರೂಗೆಲ್‌ನ ಗಂಡಸರ ಕೈಯಲ್ಲಿ ಉದ್ದ ಹಿಡಿಯ ಕತ್ತಿ. "ಬಗ್ಗದಂಗೇ ಕೊಯ್ತಾವ್ರಲ್ಲ ಸಾ!" ಅಂತ ಒಬ್ಬನಿಗೆ ಬೆರಗು. ಮರುದಿನದ ತುಂಡು ನೋಡಿ ಒಬ್ಬ ಹುಡುಗಿ ಬರೆದಳು: "ಕಂತೆ ಕಟ್ಟೋ ಹೆಂಗಸ್ರು ಬಗ್ಗೇ ಅವ್ರೆ ಸಾ." ನಾನು ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದೆ, ಇದು ಕಣ್ಣಿಗೆ ಬಿದ್ದಿರಲಿಲ್ಲ. ಪೈರಿನ ನಡುವಿನ ದಾರಿಯಲ್ಲಿ ಹೂಜಿ ಹೊತ್ತು ಬರುವವನನ್ನು, ಮರದಡಿ ಕಾಲು ಚಾಚಿ ಮಲಗಿದವನನ್ನು ಮಕ್ಕಳು ಯಾವ ವಿವರಣೆಯೂ ಇಲ್ಲದೆ ಗುರುತು ಹಿಡಿದರು. ಮಲಗಿದವನಿಗೆ ಊರಿನ ಒಬ್ಬರ ಹೆಸರನ್ನೂ ಇಟ್ಟರು, ಅದನ್ನಿಲ್ಲಿ ಬರೆಯುವ ಹಾಗಿಲ್ಲ.

ಮುಂದೆ ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ, ಊರಕಾವಲು ಪಡೆಯ ಚಿತ್ರ ‘ನೈಟ್ ವಾಚ್’, 1642ರದ್ದು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 528 ಫೋಟೊಗಳನ್ನು ಹೊಲಿದು ಅದರ 44.8 ಗಿಗಾಪಿಕ್ಸೆಲ್ (ಅಂದರೆ 4,480 ಕೋಟಿ ಚುಕ್ಕಿಗಳ) ಚಿತ್ರವನ್ನು ಅದೇ ಮೇ ತಿಂಗಳಲ್ಲಿ ಹೊರಬಿಟ್ಟಿತ್ತು. ಬಣ್ಣದ ಬಿರುಕುಗಳನ್ನೂ ಹತ್ತಿರದಿಂದ ನೋಡಬಹುದು. ಮಕ್ಕಳ ಫೋನಿಗೆ ಅದು ಆಗದ ಮಾತು. ಬೇಕಾದಲ್ಲಿ ಹಿಗ್ಗಿಸಿ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ದಂಡನಾಯಕನನ್ನು ಯಾರೂ ಕೇಳಲಿಲ್ಲ. ಸೊಂಟಕ್ಕೆ ಸತ್ತ ಕೋಳಿ ತೂಗಿಸಿಕೊಂಡ ಪುಟ್ಟ ಹುಡುಗಿಯ ಮೇಲೇ ಎಲ್ಲರ ಕಣ್ಣು.

ಟಿಪ್ಪುವಿನ ಹುಲಿಯ ವಾರ ಬಂದಾಗ ಗುಂಪು ಗಲಾಟೆಯೆದ್ದಿತು. ಬಿಳಿಯನೊಬ್ಬನ ಮೇಲೆ ಬಿದ್ದ ಆ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹಿಡಿ ತಿರುಗಿಸಿದರೆ ಬಿದ್ದವನ ಕೈ ಆಡುತ್ತದೆ, ನರಳುವ ದನಿ, ಹುಲಿಯ ಗುರುಗುಟ್ಟು ಬರುತ್ತದೆ. ಹೊಟ್ಟೆಯೊಳಗೊಂದು ಆರ್ಗನ್ ಬೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯವರು ಹೊತ್ತೊಯ್ದದ್ದು ಎಂದ ಕೂಡಲೇ, "ಮತ್ತೆ ಯಾಕೆ ವಾಪಸ್ ಕೊಟ್ಟಿಲ್ಲ?" ಎಂಬ ಪ್ರಶ್ನೆ ಒಟ್ಟಿಗೆ ಏಳೆಂಟು ಫೋನುಗಳಿಂದ. ಸಮಾಜ ಮೇಷ್ಟ್ರನ್ನು ಗುಂಪಿಗೆ ಸೇರಿಸಿ ನಾನು ತಪ್ಪಿಸಿಕೊಂಡೆ. ಚಟುವಟಿಕೆ ಮಾತ್ರ ನನ್ನದೇ: ರಟ್ಟು, ಗುಂಡುಪಿನ್ನು, ದಾರದಲ್ಲಿ ಕೈ ಆಡಿಸುವ ಗೊಂಬೆ. ಒಂದೆರಡು ನಿಜಕ್ಕೂ ಚೆನ್ನಾಗಿದ್ದವು.

ನಮ್ಮವೂ ಇವೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ ತಾಣದಲ್ಲಿ ದೆಹಲಿಯ ರಾಷ್ಟ್ರೀಯ ಮ್ಯೂಸಿಯಂ, ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಗಳು ಸಿಗುತ್ತವೆ, ಆದರೆ ಹುಡುಕಲು ತಾಳ್ಮೆ ಬೇಕು. ಬೆಂಗಳೂರಿನ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ) ಅಂತೂ ಆ ಡಿಸೆಂಬರಿನಲ್ಲಿ ಆನ್‌ಲೈನಿನಲ್ಲೇ ಮೊದಲು ಬಾಗಿಲು ತೆರೆಯಿತು. ಕಸ್ತೂರಬಾ ರಸ್ತೆಯ ಕಟ್ಟಡ ತೆರೆದದ್ದು 2023ರಲ್ಲಿ.

ಶಾಲೆ ಶುರುವಾದ ಮೇಲೆ ಬ್ರೂಗೆಲ್‌ನ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಫ್ಲೆಕ್ಸ್ ಅಂಗಡಿಗೆ ಹೋದೆ. ಮೂಲ ಚಿತ್ರ ಹೆಚ್ಚುಕಡಿಮೆ ನಾಲ್ಕಡಿ ಎತ್ತರ, ಐದೂಕಾಲು ಅಡಿ ಅಗಲ. ಅದೇ ಅಳತೆಗೆ ಹೊಡೆಸಬೇಕೆಂದು ಆಸೆ. ಕಂಪ್ಯೂಟರ್ ಮುಂದಿದ್ದ ಹುಡುಗ ಚಿತ್ರವನ್ನು ಮೇಲಿನಿಂದ ಕೆಳಗೆ ನೋಡಿ, "ಸಾರ್, ಯಾರ ಫೋಟೊ ಎಲ್ಲಿ ಕೂರಿಸ್ಲಿ? ಹೆಸರು ಏನು ಹಾಕ್ಲಿ?" ಎಂದ. ಯಾರದ್ದೂ ಬೇಡ, ಇದ್ದ ಹಾಗೇ ಹೊಡಿ ಎಂದೆ. ಮರದಡಿ ಮಲಗಿದವನ ಮೇಲೆ ಕರ್ಸರ್ ನಿಲ್ಲಿಸಿ, "ಇವ್ನನ್ನಾದ್ರೂ ತೆಗೀಲಾ?" ಅಂತ ಇನ್ನೊಮ್ಮೆ ಕೇಳಿದ.