ಮನೆಸಾಲದ ನೋಟಿಸ್ ಬಂದರೆ ನ್ಯಾಯಮಂಡಳಿಗೆ ಹೋಗುವುದು ಹೇಗೆ?

ಕಂತು ಕಟ್ಟಲಾಗದೆ ಸುಸ್ತಿಯಾದಾಗ 'ಕೋರ್ಟಿನಿಂದ ಸಮನ್ಸ್ ಬರಲಿ, ಆಮೇಲೆ ನೋಡೋಣ' ಎಂದು ಕಾಯುವವರು ಹಾಸನ, ಚಿಕ್ಕಮಗಳೂರು ಕಡೆ ಬಹಳ ಮಂದಿ. ಆ ಸಮನ್ಸ್ ಬರುವುದೇ ಇಲ್ಲ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ದಾವೆ ಹೂಡದೆಯೇ ಅಡಮಾನದ ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ಪ್ರಕರಣ ನ್ಯಾಯಾಧೀಶರ ಮುಂದೆ ಹೋಗಬೇಕೆಂದರೆ ನೀವೇ ಅರ್ಜಿ ಹಾಕಬೇಕು.

90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎಂದು ದಾಖಲಾಗುತ್ತದೆ. ಆಮೇಲೆ ಬರುವುದು ಕಾಯ್ದೆಯ 13(2)ನೇ ಸೆಕ್ಷನ್ ಅಡಿಯ ನೋಟಿಸ್. ಪೂರ್ತಿ ಸಾಲ ತೀರಿಸಲು 60 ದಿನ ಗಡುವು. ಇದನ್ನು ಓದಿ ಬೀರುವಿಗೆ ಸೇರಿಸಬೇಡಿ. ಸಾಲದ ಖಾತೆಯ ಸ್ಟೇಟ್‌ಮೆಂಟ್ ಪಡೆದು ಒಂದೊಂದು ಸಾಲನ್ನೂ ನಿಮ್ಮ ರಸೀದಿಗಳ ಜತೆ ತಾಳೆ ನೋಡಿ: ಕಟ್ಟಿದ ಕಂತು ಜಮಾ ಆಗಿದೆಯೇ, ದಂಡದ ಹೆಸರಲ್ಲಿ ಏನೇನು ಸೇರಿದೆ, ಎನ್‌ಪಿಎ ದಿನಾಂಕ ಸರಿಯಿದೆಯೇ. ತಕರಾರುಗಳನ್ನು ಬರೆದು ಶಾಖೆಗೆ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಬ್ಯಾಂಕು ಒಪ್ಪದಿದ್ದರೆ 15 ದಿನದೊಳಗೆ ಕಾರಣ ಸಹಿತ ಉತ್ತರ ಕೊಡಲೇಬೇಕು.

ಅಸಲು, ಬಡ್ಡಿ ಸೇರಿದ ಮೊತ್ತದಲ್ಲಿ ಬಾಕಿ ಶೇ 20ಕ್ಕಿಂತ ಕಡಿಮೆಯಿದ್ದರೆ ಈ ಕಾಯ್ದೆ ಅನ್ವಯಿಸದು. ಕೃಷಿ ಜಮೀನಿಗೂ ವಿನಾಯಿತಿ ಇದೆ. ಆದರೆ ಪಹಣಿ ಒಂದನ್ನೇ ತೋರಿಸಿದರೆ ಸಾಲದು, ಅಲ್ಲಿ ನಿಜಕ್ಕೂ ಬೇಸಾಯ ನಡೆಯುತ್ತಿದೆ ಎಂದು ನೀವೇ ಸಾಬೀತು ಮಾಡಬೇಕು.

60 ದಿನ ಕಳೆದ ಮೇಲೆ ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟುತ್ತದೆ, ಪತ್ರಿಕೆಯಲ್ಲೂ ಪ್ರಕಟವಾಗುತ್ತದೆ. ಆಗ ನೀವಿನ್ನೂ ಮನೆಯಲ್ಲೇ ಇರುತ್ತೀರಿ. ಹಾಗೆಂದು ಸುಮ್ಮನಿದ್ದರೆ ಕೆಟ್ಟಿತು. 17ನೇ ಸೆಕ್ಷನ್ ಅಡಿ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಅರ್ಜಿ ಸಲ್ಲಿಸಲು ಇಲ್ಲಿಂದ 45 ದಿನ ಮಾತ್ರ. ಕಾಗದದ ಮೇಲಿನ ಸ್ವಾಧೀನವಾದರೂ ಅರ್ಜಿ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕೆಂಬ ಷರತ್ತನ್ನು ಅದೇ ಕೋರ್ಟ್ 2004ರಲ್ಲೇ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ರದ್ದು ಮಾಡಿತು. ನಮ್ಮ ಜಿಲ್ಲೆಗಳವರು ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕು. ಎರಡೂ ನೋಟಿಸ್, ನಿಮ್ಮ ಆಕ್ಷೇಪಣೆ, ಬ್ಯಾಂಕಿನ ಉತ್ತರ, ಸಾಲದ ಕರಾರು, ಸ್ಟೇಟ್‌ಮೆಂಟ್ ಜತೆಗಿರಲಿ. ತಡೆಯಾಜ್ಞೆ ಬೇಕೆಂದು ಮಧ್ಯಂತರ ಅರ್ಜಿಯನ್ನೂ ಕೂಡಲೇ ಹಾಕಿಸಿ. ಮುಖ್ಯ ಅರ್ಜಿ ದಾಖಲಾದ ಮಾತ್ರಕ್ಕೆ ಹರಾಜು ನಿಲ್ಲದು. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಮನೆ ಖಾಲಿ ಮಾಡಿಸಲು ಬ್ಯಾಂಕು 14ನೇ ಸೆಕ್ಷನ್ ಅಡಿ ಜಿಲ್ಲಾಧಿಕಾರಿ ಇಲ್ಲವೇ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಬಳಿ ಹೋಗುತ್ತದೆ. ಅವರು ನೋಡುವುದು ಬ್ಯಾಂಕಿನ ಅಫಿಡವಿಟ್ಟನ್ನು. ಸಾಲಗಾರನ ತಕರಾರನ್ನು ವಿಚಾರಿಸುವುದಿಲ್ಲ. ನನ್ನ ಮಟ್ಟಿಗೆ ಕಾಯ್ದೆಯ ದೊಡ್ಡ ಅನ್ಯಾಯ ಇದೇ. ನ್ಯೂಯಾರ್ಕ್, ಫ್ಲೋರಿಡಾಗಳಲ್ಲಿ ಕೋರ್ಟಿನ ತೀರ್ಪಿಲ್ಲದೆ ಮನೆಸಾಲದ ಮನೆ ಹರಾಜಾಗುವುದಿಲ್ಲ. ವಾಸದ ಮನೆಯ ಮಟ್ಟಿಗಾದರೂ ಬೀಗ ಹಾಕುವ ಮೊದಲು ಎರಡೂ ಕಡೆಯವರ ಮಾತು ಕೇಳುವುದನ್ನು ನಮ್ಮಲ್ಲೂ ಕಡ್ಡಾಯ ಮಾಡಬೇಕು.

ಹಣ ಹೊಂದಿಸುತ್ತಿರುವವರು ಹರಾಜಿನ ದಿನದವರೆಗೆ ಕಾಯಬೇಡಿ. 2016ರ ತಿದ್ದುಪಡಿಯ ನಂತರ, ಬಾಕಿ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕು ಇರುವುದು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ.