ಪೈಥಾನಲ್ಲಿ ಪ್ರಿಂಟ್ ಹೇಗೆ ಕೆಲ್ಸ ಮಾಡುತ್ತೆ, ನಮ್ಮ ಮಳೆ ಲೆಕ್ಕ ಇಟ್ಕೊಂಡೇ ಕಲಿಯೋಣ

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋರಿಗೆ ಮೊದ್ಲು ಸಿಗೋದೇ ಪ್ರಿಂಟ್. ಬ್ರಾಕೆಟ್ ಒಳಗೆ ಏನು ಕೊಡ್ತೀರೋ ಅದು ಸ್ಕ್ರೀನ್ ಮೇಲೆ ಬರುತ್ತೆ, ಅಷ್ಟೇ. ಆದ್ರೆ ಕೋಟ್ಸ್ (" " ಗುರುತು) ಎಲ್ಲಿ ಹಾಕ್ಬೇಕು ಎಲ್ಲಿ ಬೇಡ ಅನ್ನೋದು ತಲೆಗೆ ಹೋಗ್ಲಿಲ್ಲ ಅಂದ್ರೆ ಮುಂದೆ ಎಲ್ಲಾ ಕಷ್ಟ ಆಗುತ್ತೆ, ಅದಕ್ಕೇ ಅದನ್ನ ನಿಧಾನವಾಗಿ ನೋಡೋಣ.

ಕೊಡಗಲ್ಲಿ ತೋಟದ ಮನೆಗಳಲ್ಲಿ ಮಳೆನ ಇಂಚು, ಸೆಂಟ್ ಅಂತ ಬರೆದಿಡ್ತಾರಲ್ವಾ, 100 ಸೆಂಟ್ ಅಂದ್ರೆ 1 ಇಂಚು, 1 ಇಂಚು ಅಂದ್ರೆ 25.4 ಮಿಲಿಮೀಟರ್. ಭಾಗಮಂಡಲದಲ್ಲಿ 4 ಇಂಚು ಬಿತ್ತು ಅನ್ಕೊಳ್ಳಿ. ಈಗ ಈ ಎರಡನ್ನೂ ಕೊಟ್ಟು ನೋಡಿ (* ಅಂದ್ರೆ ಗುಣಾಕಾರ; ಪ್ರಿಂಟ್ ಅನ್ನೋದನ್ನ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಿ, ಮೊದಲ ಅಕ್ಷರ ಕ್ಯಾಪಿಟಲ್ ಆದ್ರೂ ನೇಮ್ ಎರರ್ ಬರುತ್ತೆ):

ಪ್ರಿಂಟ್("4 * 25.4")
ಪ್ರಿಂಟ್(4 * 25.4)

ಮೊದಲನೇದಕ್ಕೆ 4 * 25.4 ಅಂತ ಹಾಗೇ ಬರುತ್ತೆ, ಎರಡನೇದಕ್ಕೆ 101.6 ಬರುತ್ತೆ. ಕೋಟ್ಸ್ ಒಳಗಿರೋದನ್ನ ಪೈಥಾನ್ ಬರೀ ಅಕ್ಷರ ಅಂತ ನೋಡುತ್ತೆ, ಹೊರಗಿದ್ರೆ ಮೊದ್ಲು ಲೆಕ್ಕ ಮಾಡಿ ಆಮೇಲೆ ಉತ್ತರನ ಪ್ರಿಂಟ್‌ಗೆ ಕೊಡುತ್ತೆ. ಕೋಟ್ಸ್ ಒಳಗೆ ಕನ್ನಡನೂ ಬರೀಬಹುದು, ಪೈಥಾನ್ 3ರಲ್ಲಿ ಏನೂ ತೊಂದ್ರೆ ಇಲ್ಲ, ಹೊಸಬರು ಕನ್ನಡದಲ್ಲೇ ಬರೆದು ಕಲೀಲಿ ಅಂತ ನನ್ನ ಆಸೆ.

ಎರಡೂ ಸೇರಿಸಿ ತೋರಿಸೋಕೆ ಕಾಮಾ ಸಾಕು:

ಪ್ರಿಂಟ್("ಭಾಗಮಂಡಲ", 4 * 25.4, "ಮಿಮೀ")

ಭಾಗಮಂಡಲ 101.6 ಮಿಮೀ ಅಂತ ಬರುತ್ತೆ, ಮಧ್ಯದ ಸ್ಪೇಸ್‌ನ ಪ್ರಿಂಟೇ ಹಾಕುತ್ತೆ. ಕಾಮಾ ಬದ್ಲು ಪ್ಲಸ್ ಹಾಕಿದ್ರೆ ಟೈಪ್ ಎರರ್, ಯಾಕಂದ್ರೆ ಅಕ್ಷರಕ್ಕೂ ನಂಬರಿಗೂ ಕೂಡಿಸೋ ಲೆಕ್ಕ ಆಗಲ್ಲ.

ಒಂದೊಂದು ಪ್ರಿಂಟ್ ಆದ್ಮೇಲೂ ಹೊಸ ಲೈನ್ ಶುರುವಾಗುತ್ತೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಲ್ಲಾ ಬೇರೆ ಬೇರೆ ಪ್ರಿಂಟಲ್ಲಿ ಕೊಟ್ಟೂ ಒಂದೇ ಸಾಲಲ್ಲಿ ಬೇಕು ಅಂದ್ರೆ ಕೊನೇದು ಬಿಟ್ಟು ಉಳಿದ ಎರಡಕ್ಕೂ ಎಂಡ್ ಸೇರಿಸಿ (ಕೊನೇಲಿ ಹೊಸ ಲೈನ್ ಬದ್ಲು ಏನು ಹಾಕ್ಬೇಕು ಅಂತ ಹೇಳೋದು ಇದು, ಇದನ್ನೂ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಿ):

ಪ್ರಿಂಟ್("ಮಡಿಕೇರಿ", ಎಂಡ್=" ")

ಮಳೆಗಾಲದಲ್ಲಿ ಕರೆಂಟ್ ಇಲ್ದೆ ಫೋನಲ್ಲೇ ಪ್ರಾಕ್ಟೀಸ್ ಮಾಡೋರು ಒಂದು ನೋಡ್ಕೊಳ್ಳಿ, ಬೇರೆ ಕಡೆಯಿಂದ ಕಾಪಿ ಮಾಡಿದ ಕೋಡಲ್ಲಿ ಕೆಲವೊಮ್ಮೆ ಬಾಗಿದ ಕೋಟ್ಸ್ ಇರುತ್ತೆ, ಅದಕ್ಕೆ ಸಿಂಟ್ಯಾಕ್ಸ್ ಎರರ್ ಬರುತ್ತೆ, ಅಳಿಸಿ ನೇರ ಕೋಟ್ಸ್ ಹಾಕಿ. ಹಳೇ ಪುಸ್ತಕದಲ್ಲಿ ಬ್ರಾಕೆಟ್ ಇಲ್ದೇ ಇರೋ ಪ್ರಿಂಟ್ ಕಂಡ್ರೆ ಅದು ಪೈಥಾನ್ 2, 2008ರಲ್ಲಿ ಬಂದ ಪೈಥಾನ್ 3ರಿಂದ ಬ್ರಾಕೆಟ್ ಕಡ್ಡಾಯ, ಹಾಗಾಗಿ ಬ್ರಾಕೆಟ್ ಸೇರಿಸಿ ರನ್ ಮಾಡಿ.