ಬಂದ್ ಸೀಸನ್ನಿನಲ್ಲಿ ಎದ್ದು ನಡೆದ ನನ್ನ ಕಾದಂಬರಿ

ಮೂರು ವರ್ಷದಿಂದ ಐದನೇ ಅಧ್ಯಾಯದಲ್ಲೇ ಕೂತಿದ್ದ ನನ್ನ ಕಾದಂಬರಿ 2024ರ ಮಳೆಗಾಲದಲ್ಲಿ ಎದ್ದು ನಡೆಯಿತು. ಅದೇ ಮಳೆಗಾಲದಲ್ಲಿ ನನ್ನ ಕೆಲಸವೂ ಹೋಯಿತು. "ಖಾತೆ ಪುಸ್ತಕದಲ್ಲಿ ಯಾರಾದ್ರೂ ಕಾದಂಬರಿ ಬರೀತಾರಾ?" ಎಂದು ನಕ್ಕ ಗೆಳೆಯರಿಬ್ಬರು ಇದನ್ನು ಓದುತ್ತಾರೆ ಅಂತ ಗೊತ್ತು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕಾರವಾರದಲ್ಲಿ ಮೀನು ವ್ಯಾಪಾರದ ಒಂದು ಆಫೀಸಿನಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವನು ನಾನು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ, ಆಫೀಸೂ ಅರ್ಧ ನಿದ್ದೆಯಲ್ಲಿರುತ್ತದೆ. ಆ ವರ್ಷ ಮೇ ಕೊನೆಗೆ ಮಾಲೀಕರು ಕರೆದು, "ಬಂದ್ ಮುಗಿಯೋ ತನಕ ಅರ್ಧ ಸಂಬಳ, ಆಮೇಲೆ ನೋಡೋಣ" ಎಂದರು. ನೋಡೋಣ ಅಂದರೆ ಏನು ಅಂತ ಲೆಕ್ಕ ಬರೆಯುವವನಿಗೆ ಬಿಡಿಸಿ ಹೇಳಬೇಕಾ?

26 ಸಾವಿರದ ಸಂಬಳ 13 ಸಾವಿರ ಆಯಿತು. ಬಾಡಿಗೆ ಆರೂವರೆ. ಮಗಳ ಫೀಸು ಬೇರೆ.

ಕಾದಂಬರಿಗೆ ಮೊದಲು ದಿನಕ್ಕೆ ಸಾವಿರ ಪದ ಅಂತ ಹಠ ಹಿಡಿದೆ. ನಾಲ್ಕು ದಿನ ನಡೆಯಿತು. ಐದನೇ ದಿನ ಬರೆದದ್ದು ಬರೀ ಮಳೆಯ ವರ್ಣನೆ, ಕಿಟಕಿಯಿಂದ ಕಂಡದ್ದನ್ನೇ ಇಳಿಸಿದ್ದೆ. ಆಮೇಲೆ ಬೆಳಿಗ್ಗೆ ನಾಲ್ಕಕ್ಕೆ ಏಳಲು ನೋಡಿದೆ, ಎದ್ದವನು ಪೆನ್ನು ಮುಟ್ಟುವ ಮೊದಲು ಮೊಬೈಲಿನಲ್ಲಿ ಬ್ಯಾಂಕ್ ಬ್ಯಾಲೆನ್ಸ್ ನೋಡುತ್ತಿದ್ದೆ, ರಾತ್ರಿ ಯಾರಾದರೂ ಬಂದು ಹಾಕಿ ಹೋಗಿರ್ತಾರೆ ಅನ್ನೋ ಹಾಗೆ! ಬಾಡಿಗೆ, ಫೀಸಿನ ದುಡ್ಡನ್ನು ಹೆಂಡತಿ ಖಾತೆಗೆ ಹಾಕಿ, ಆ ಆಪ್ ತೆಗೆದ ಮೇಲೆ ತಲೆ ಸ್ವಲ್ಪ ಹಗುರಾಯಿತು.

ದಾರಿ ಸಿಕ್ಕಿದ್ದು ಆಫೀಸಿನಲ್ಲೇ. ಕೆಲಸವಿಲ್ಲದೆ ಕೂತಿದ್ದಾಗ ಒಂದು ಹೊಸ ಖಾತೆ ಪುಸ್ತಕದಲ್ಲಿ ಸುಮ್ನೆ ನನ್ನ ಪಾತ್ರಗಳ ಹೆಸರಲ್ಲಿ ಖಾತೆ ತೆರೆದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಎಡಕ್ಕೆ ಕೊಡಬೇಕಾದದ್ದು, ಬಲಕ್ಕೆ ಬರಬೇಕಾದದ್ದು. ಗಂಗೆಯ ಪುಟ ಹೀಗಿತ್ತು: ಅಣ್ಣನಿಗೆ ಕೊಡಬೇಕಾದದ್ದು ನಾಲ್ಕು ಸಾವಿರ ರೂಪಾಯಿ, ಒಂದು ಸುಳ್ಳಿನ ಉತ್ತರ. ಅಣ್ಣನಿಂದ ಬರಬೇಕಾದದ್ದು ಅಮ್ಮನ ಬುಗುಡಿ. ಐದನೇ ಅಧ್ಯಾಯಕ್ಕೆ ಬಂದು ನೋಡಿದರೆ ಅಲ್ಲಿದ್ದ ನಾಲ್ಕು ಜನರಲ್ಲಿ ಒಬ್ಬರಿಗೊಬ್ಬರು ಏನೂ ಕೊಡಬೇಕಾಗಿರಲಿಲ್ಲ. ಸುಮ್ನೆ ಕೂತು ಚಾ ಕುಡಿಯುತ್ತಿದ್ದರು. ಮೂರು ವರ್ಷ!

ಅವತ್ತಿನಿಂದ ಒಂದೇ ನಿಯಮ. ದಿನಕ್ಕೊಂದು ದೃಶ್ಯ, ಅದರಲ್ಲಿ ಒಂದು ಬಾಕಿ ತೀರಬೇಕು, ಇಲ್ಲವೇ ಹೊಸ ಸಾಲ ಹುಟ್ಟಬೇಕು. ಎರಡೂ ಆಗದಿದ್ದರೆ ಅಡ್ಡ ಗೆರೆ. ದಿನಕ್ಕೆ ಮುನ್ನೂರು, ಮುನ್ನೂರೈವತ್ತು ಪದ ಅಷ್ಟೇ. ಬಂದ್ ಮುಗಿಯುವ ಹೊತ್ತಿಗೆ ಇಪ್ಪತ್ತು ಸಾವಿರ ಪದದ ಹತ್ತಿರ ಬಂದಿತ್ತು, ಅಧ್ಯಾಯ ಹದಿಮೂರು. ಶನಿವಾರ ಎಲ್ಲ ಪುಟ ಟ್ಯಾಲಿ ಮಾಡುವ ಒಂದು ರೀತಿ ಇದೆ. ಅದನ್ನು ಹೇಳುವುದಿಲ್ಲ, ಪುಸ್ತಕ ಬರಲಿ.

ಮಧ್ಯೆ ಒಂದು ಹುಚ್ಚಾಟ. ಟಾಗೋರ್ ಬೀಚಿನಲ್ಲಿ ನಡೆಯುತ್ತಾ ಮೊಬೈಲಿಗೆ ಮಾತಾಡಿ ಬರೆಸಿದೆ. ಜೂನಿನ ಗಾಳಿ ಬಿಡುತ್ತದಾ? ಕಾಳಿ ನದಿ ಖಾಲಿ ನದಿ ಆಯಿತು, ಕೊಂಕಣಿ ಮಾತು ಬಂದಲ್ಲೆಲ್ಲ ಅದು ಏನೇನೋ ಬರೆದುಕೊಂಡಿತು. ಎರಡು ದಿನದ ಬರವಣಿಗೆ ಹೋಯಿತು, ಮಳೆಗೆ ಸಿಕ್ಕ ಮೊಬೈಲಿನ ರಿಪೇರಿಗೆ ಎರಡು ಸಾವಿರ ಚಿಲ್ಲರೆ.

ಆಗಸ್ಟ್ ಮೊದಲ ವಾರ ಕೆಲಸದಿಂದ ಬಿಡಿಸಿದರು. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಚೀಟಿ ನೋಡಿದರೆ ತಿಂಗಳಿಗೆ 30 ದಿನ ಹಿಡಿದು ಭಾಗಿಸಿದ್ದರು. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದಂತೆ ಲೆಕ್ಕ ಹಾಕಬೇಕು. ಬೇಸಿಕ್, ಅಂದರೆ ಮೂಲ ಸಂಬಳ, 15 ಸಾವಿರ, ಹನ್ನೊಂದು ವರ್ಷ: ಅವರದ್ದು 82 ಸಾವಿರದ ಮೇಲೆ ಸ್ವಲ್ಪ, ನನ್ನದು 95 ದಾಟಿತು. ಮಾತಾಡದೆ ಚೀಟಿ ವಾಪಸ್ ಕೊಟ್ಟೆ, ಮಾತಾಡದೆ ತಿದ್ದಿದರು. ಹತ್ತಿರಹತ್ತಿರ ಎರಡು ತಿಂಗಳ ಬಾಡಿಗೆ ಅಲ್ಲೇ ಹುಟ್ಟಿತು.

ಅದೇ ವಾರ, 7ರ ನಡುರಾತ್ರಿ ಕಳೆದ ಮೇಲೆ, ಕಾಳಿಯ ಹಳೆ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು, ಡ್ರೈವರ್ ಬದುಕಿದ. ನನ್ನ ಗಂಗೆ ದಿನಾ ನದಿಯ ಆಚೆ ದಡದ ಸದಾಶಿವಗಡದಿಂದ ಬರುವುದು ಆ ಸೇತುವೆ ಮೇಲೇ. ಒಂದು ವಾರ ಪುಸ್ತಕ ತೆರೆಯಲಿಲ್ಲ. ನೌಕರಿ ಹೋದದ್ದಕ್ಕಿಂತ ಇದೇ ಜಾಸ್ತಿ ಕಾಡಿತು ಅಂದರೆ ಮನೆಯವರಿಗೆ ಸಿಟ್ಟು ಬರುತ್ತದೆ, ಆದರೆ ನಿಜ.

ಕೊನೆಗೆ ಕಥೆಯನ್ನೇ ಹಿಂದಕ್ಕೆ, ಸೇತುವೆ ಆಗುವ ಮುಂಚೆ ದೋಣಿಯಲ್ಲಿ ನದಿ ದಾಟುತ್ತಿದ್ದ ತಾರಿ ಕಾಲಕ್ಕೆ ಒಯ್ದೆ. ಈಗ ಗಂಗೆ ದೋಣಿಗೆ ಕಾಯಬೇಕು, ಪಕ್ಕದಲ್ಲಿ ಸಾಲ ಕೊಟ್ಟವನೂ ಕಾಯುತ್ತಿರುತ್ತಾನೆ. ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವಾಗ ಇಂಥದ್ದು ಸಿಗುತ್ತಲೇ ಇರಲಿಲ್ಲ. ಎಲ್ಲ ಬಾಕಿಯನ್ನೂ ಆ ಕಾಲದ ರೂಪಾಯಿಗೆ ಇಳಿಸಬೇಕಾಯಿತು, ಗಂಗೆಯ ನಾಲ್ಕು ಸಾವಿರದ ಸಾಲ ಬರೀ ನೂರಿಪ್ಪತ್ತು ರೂಪಾಯಿ ಆಯಿತು.

ಈಗ ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ, ತಿಂಗಳಿಗೆ ಒಂಬತ್ತು ಸಾವಿರ ಬರುತ್ತದೆ. ಎರಡನೇ ಕರಡು ಮುಗಿದಿದೆ, 58 ಸಾವಿರ ಪದ ಇರಬಹುದು. ಗಂಗೆಯ ಪುಟದಲ್ಲಿ ಮಾತ್ರ ಹದಿನೈದು ರೂಪಾಯಿ ಟ್ಯಾಲಿ ಆಗುತ್ತಿಲ್ಲ. ಹದಿನೆಂಟನೇ ಅಧ್ಯಾಯದಲ್ಲಿ ಅಣ್ಣನೇ ಎಲ್ಲೋ ಮುಚ್ಚಿಟ್ಟಿದ್ದಾನೆ ಅಂತ ನನ್ನ ಅನುಮಾನ.